ಪಾರ್ವತೆಮ್ಮನ ಬಾಯಿಪಾಳಿ

ಯಮನೂರಮ್ಮನಿಗೆ ಸೊಸೆಯ ಮೇಲೆ ಸಿಟ್ಟು ಬಂದರೆ ಅದು ಮೊದಲು ಗೊತ್ತಾಗುವುದು ಪಲ್ಯಕ್ಕೆ. ಬಾಯಿಂದ ಬೈಗುಳ ಹೊರಡುವ ಮೊದಲೇ ಪಲ್ಯದ ಉಪ್ಪು ಕಡಿಮೆಯಾಗಿರುತ್ತದೆ. ತೊಂಬತ್ತಮೂರರ ಆಷಾಢದಲ್ಲಿ ವಳಕಮದಿನ್ನಿಯ ಆ ಮನೆಯವರು ದಿನಾ ಸಪ್ಪೆ ಪುಂಡಿಪಲ್ಯವನ್ನೇ ಉಂಡರು. ಮಗ ಮಾನಪ್ಪ ಊರವರ ಕುರಿ ಕಾಯುವವನು, ಮಾತು ಕಡಿಮೆ. ಅವನು ರೊಟ್ಟಿಯ ಮೇಲೆ ಉಪ್ಪು ಉದುರಿಸಿಕೊಂಡು, ಉಂಡು ಎದ್ದು ಹೋಗುತ್ತಿದ್ದ. ಮೊಮ್ಮಗಳು ಕನಕಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ. ಅಜ್ಜಿಯನ್ನು ಅವಳು ಅಮ್ಮ ಎಂದೇ ಕರೆಯುವುದು.

"ಅಮ್ಮ, ಸಿಟ್ಟು ಅವ್ವನ ಮ್ಯಾಲ ಇದ್ರ ಅವ್ವಗಷ್ಟ ಸಪ್ಪಂದು ನೀಡು. ನಾನೇನು ಮಾಡೀನಿ?"

"ಉಪ್ಪಿನ ಚಿಂತಿ ಬಂತೇನು ನಿನಗ? ನಿಮ್ಮವ್ವ ಧಾರವಾಡಕ್ಕ ಹೊಂಟು ನಿಂತಾಳ. ಆಕಿ ಹೋದ ಮ್ಯಾಲ ರೊಟ್ಟೀನ ಇರಂಗಿಲ್ಲ. ಈಗಿಂದನ ರೂಢಿ ಮಾಡ್ಕೋ."

ಪಾರ್ವತೆಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. "ಇನ್ನೂ ಯಾರೂ ಬಾ ಅಂದಿಲ್ಲತ್ತಿ. ಕೂಸು ಹುಟ್ಟೋಕಿಂತ ಮೊದಲ ಕುಲಾಯಿ ಹೊಲಿಯಾಕತ್ತೀರಿ ನೀವು."

"ಕುಲಾಯಿ ಹೊಲಿಯಾಕತ್ತಾಕಿ ನೀನು. ನಾನಲ್ಲ."

ಧಾರವಾಡದ ಸುದ್ದಿ ತಂದವರು ಲಿಂಗಸುಗೂರಿನ ಶಾಮೀದಸಾಬರು. ಹಗಲು ಶಾಲೆಯ ಮಾಸ್ತರಿಕೆ, ಸಂಜೆ ದೊಡ್ಡವರಿಗೆ ಅಕ್ಷರ ಕಲಿಸುವುದು, ನಡುವೆ ಬಿಡುವಾದಾಗ ಕೂಲಿಯವರ ಅರ್ಜಿ ಬರೆದುಕೊಡುವುದು, ಇದು ಅವರ ಬದುಕು. ದಿಲ್ಲಿಯಲ್ಲಿ ಒಂದು ಸಂಸ್ಥೆ ಇದೆಯಂತೆ. ಬಡವರ ಪರವಾಗಿ ವರ್ಷಗಟ್ಟಲೆ ಒದ್ದಾಡಿ, ನಡುವಯಸ್ಸಿಗೆ ಬಂದು ದಣಿದವರನ್ನು ಹುಡುಕಿ ಎರಡು ವರ್ಷದ ಫೆಲೋಶಿಪ್ ಕೊಡುತ್ತಾರಂತೆ. ತಿಂಗಳಿಗೆ ಪಗಾರ. ಮೊದಲ ಆರು ತಿಂಗಳು ಧಾರವಾಡದಲ್ಲಿ ಕೂಡಿಸಿ ಕೂಲಿ ಕಾನೂನು, ಸಂಘ ನಡೆಸುವ ರೀತಿ ಎಲ್ಲ ಕಲಿಸುವುದು, ಆಮೇಲೆ ತಮ್ಮ ತಮ್ಮ ಊರಿನಲ್ಲೇ ಕೆಲಸ. ಶಾಮೀದಸಾಬರು ಪಾರ್ವತೆಮ್ಮನ ಹೆಸರು ಬರೆದು ಕಳಿಸಿದ್ದರು. ವಿಚಾರಿಸಲು ಇಬ್ಬರು ಬರುತ್ತಾರೆ, ಬರುವ ಮೊದಲು ಪತ್ರ ಹಾಕುತ್ತಾರೆ, ತಾನೇ ಕರೆದುಕೊಂಡು ಬರುತ್ತೇನೆ ಎಂದೂ ಹೇಳಿದ್ದರು.

"ಊರಾಗ ಗೊತ್ತಾದ್ರ?" ಎಂದು ಪಾರ್ವತೆಮ್ಮ ಕೇಳಿದ್ದಳು.

"ಯಾಕ ಗೊತ್ತಾಗ್ತೈತಿ? ತಂಗಿ ಮನಿಗೆ ಹೋಗ್ಯಾಳ ಅಂದ್ರಾತು. ನಿಮ್ಮ ಹೆಸರು ದಿಲ್ಲಿ ಕಾಗದದಾಗ ಇರತೈತಿ, ಇಲ್ಲಿ ಅಲ್ಲ."

ಹೆಸರಿನ ಬಗ್ಗೆ ಅವಳಿಗೆ ಇಷ್ಟು ಅಂಜಿಕೆ ಯಾಕೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕಾಲುವೆ ನೀರು ಬಂದ ಮೇಲೆ ಆ ಕಡೆಯೆಲ್ಲ ಭತ್ತವೇ ಭತ್ತ. ನಾಟಿ ಹಚ್ಚುವವರು ಹೆಂಗಸರು. ಮೊದಲು ಕೇರಿಯ ಹೆಂಗಸರಿಗೆ ಬೇರೆ ಸಾಲು, ಬೇರೆ ನೀರಿನ ಕೊಡ, ಕೂಲಿಯೂ ಒಂದು ರೂಪಾಯಿ ಕಡಿಮೆ. ಇದು ಸರಿಯಲ್ಲ ಎಂದು ಮೊದಲು ಮುಂದೆ ನಿಂತು ಕೇಳಿದವಳು ಹುಲಿಗೆಮ್ಮ ಎಂಬಾಕೆ. ಕೂಲಿ ಏರಿತು. ಆಮೇಲೆ ಕಾಲುವೆಯ ದಂಡೆಯ ಯಾವ ಊರಿನ ಸಾಹುಕಾರನೂ ಹುಲಿಗೆಮ್ಮನ ಮನೆಯವರನ್ನು ಗದ್ದೆಗೆ ಕರೆಯಲಿಲ್ಲ. ಆಕೆ ಮಕ್ಕಳನ್ನು ಕಟ್ಟಿಕೊಂಡು ಗೋವಾಕ್ಕೆ ಗುಳೆ ಹೋದವಳು ತಿರುಗಿ ಬರಲಿಲ್ಲ. ಅವಳ ಮನೆಯ ಮಾಡು ಬಿದ್ದು, ಒಳಗೆ ಜಾಲಿ ಬೆಳೆದಿದೆ.

ಅದನ್ನು ನೋಡಿ ಪಾರ್ವತೆಮ್ಮ ಒಂದು ಹಂಚಿಕೆ ಹಾಕಿದಳು. ಗದ್ದೆಯಲ್ಲಿ ಸಾಹುಕಾರರ ಜೊತೆ ಮಾತಾಡುವ ಕೆಲಸವನ್ನು ಪಾಳಿ ಮಾಡಿಬಿಟ್ಟಳು. ಇವತ್ತು ದುರುಗಮ್ಮ ಮಾತಾಡಿದರೆ ನಾಳೆ ಮುದುಕಪ್ಪನ ಹೆಂಡತಿ, ನಾಡಿದ್ದು ಕೇರಿಯ ಇನ್ನೊಬ್ಬಾಕಿ. ಏನು ಮಾತಾಡಬೇಕು ಎಂಬುದು ಹಿಂದಿನ ದಿನವೇ ನೀರು ತರುವಲ್ಲಿ ತೀರ್ಮಾನವಾಗಿರುತ್ತಿತ್ತು. ಹೆಂಗಸರು ಅದಕ್ಕೆ ಬಾಯಿಪಾಳಿ ಎಂದು ಹೆಸರಿಟ್ಟರು. ಗದ್ದೆಯ ಸಾಹುಕಾರರಿಗೆ ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ತಿಳಿಯದೆ ತಲೆ ತಿರುಗಿತು. ಒಂದೇ ಸಾಲು ಆಯಿತು, ಒಂದೇ ಕೂಲಿ ಆಯಿತು, ಕೊಡವೂ ಒಂದೇ ಆಯಿತು. ಮಾಡಿದ್ದು ಯಾರು ಎಂದರೆ ಯಾರೂ ಅಲ್ಲ.

ಹಿಂದಿನ ವರ್ಷ ಅಕ್ಕಿ ಗಿರಣಿಯ ಅಮರಗುಂಡಪ್ಪ ತನ್ನ ಗದ್ದೆಗೆ ಹೊರಗಿನ ಕೂಲಿಯವರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಸಿಕೊಂಡು ಬಂದಾಗ ಹೆಂಗಸರು ದಾರಿಗೆ ಅಡ್ಡ ಕೂತರು. ಟ್ರ್ಯಾಕ್ಟರು ತಿರುಗಿ ಹೋಯಿತು, ಕೇಸು ಬಂತು. ಆ ಕೇಸಿನಲ್ಲಿ ಇರುವುದು 'ಹೆಸರು ತಿಳಿಯದ ಮುಂದಾಳು ಮತ್ತು ಇತರ ಹೆಂಗಸರು'. ಪೋಲೀಸರು ಜೀಪಿನಲ್ಲಿ ಬಂದು ಮನೆ ಮನೆ ಕೇಳಿದರು, ಮುಂದಾಳು ಯಾರು ಅಂತ. ಯಾರೂ ಇಲ್ರಿ ಎಂದರು ಎಲ್ಲರೂ. ಇತರ ಹೆಂಗಸರನ್ನು ಹಿಡಿದುಕೊಂಡು ಹೋಗುವುದು ಹೇಗೆ? ಕೇಸು ಅಲ್ಲೇ ಕೂತಿತ್ತು. ಮುಂದಾಳಿನ ಹೆಸರು ಸಿಕ್ಕ ದಿನ ಅದು ಎದ್ದು ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಇಂಥ ಪಾರ್ವತೆಮ್ಮನಿಗೆ ಈಗ ಒಂದು ಆಸೆ ಹುಟ್ಟಿಕೊಂಡಿತ್ತು. "ಆರು ತಿಂಗಳು ಕುರ್ಚಿ ಮ್ಯಾಲ ಕುಂತು ಕಲಿಯೋದು" ಎಂದು ಶಾಮೀದಸಾಬರು ಹೇಳಿದ್ದೇ ಹೇಳಿದ್ದು, ಆ ಕುರ್ಚಿ ಅವಳ ತಲೆಯೊಳಗೆ ಬಂದು ಕೂತಿತು. ಲಂಗ ಉಡುವ ವಯಸ್ಸಿನಿಂದ ಬಗ್ಗಿದವಳು ಅವಳು. ಕಳೆ ಕೀಳಲು ಬಗ್ಗುವುದು, ನಾಟಿಗೆ ಬಗ್ಗುವುದು, ಕೊಯ್ಲಿಗೆ ಬಗ್ಗುವುದು, ಮನೆಗೆ ಬಂದರೆ ಒಲೆಗೆ ಬಗ್ಗುವುದು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದಳು. ಒಬ್ಬರು ನಿಂತು ಹೇಳುತ್ತಾರೆ, ತಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಕೇಳುತ್ತೇನೆ ಎಂಬುದನ್ನು ನೆನೆಸಿಕೊಂಡರೆ ಅವಳಿಗೆ ಕೈಯಲ್ಲಿನ ಹಿಟ್ಟು ಮರೆತುಹೋಗುತ್ತಿತ್ತು.

"ರೊಟ್ಟಿ ಹೊತ್ತಾಕತ್ತೈತಿ," ಎಂದು ಅತ್ತೆ ಕೂಗುತ್ತಿದ್ದಳು. "ಧಾರವಾಡದಾಗಿಂದ ಬಾ ಈ ಕಡೆ!"

ಮಾನಪ್ಪ ಒಂದು ಸಂಜೆ ಉಣ್ಣುತ್ತ ಕೇಳಿದ. "ಖರೇನ ಹೋಗಬೇಕಂತಿಯೇನು?"

"ಹೂಂ."

"ಪಗಾರದ ಸಲುವಾಗಿ?"

"ಪಗಾರನೂ ಬೇಕು, ಬ್ಯಾಡ ಅನ್ನಂಗಿಲ್ಲ." ಪಾರ್ವತೆಮ್ಮ ಅವನ ತಾಟಿಗೆ ಮಜ್ಜಿಗೆ ಹಾಕಿದಳು. "ನಮ್ಮಂಥೋರು ಬ್ಯಾರೆ ಬ್ಯಾರೆ ಕಡೆಯಿಂದ ಅಲ್ಲಿಗೆ ಬರ್ತಾರಂತ. ಅವರನ್ನ ಕೇಳಬೇಕು. ಇಷ್ಟು ವರ್ಷ ನಾ ಮಾಡಿದ್ದು ಸರಿ ಐತೇನು ತಪ್ಪೈತೇನು ಅಂತ ಕೇಳಾಕ ನನಗೊಬ್ಬರಿಲ್ಲ. ಎಲ್ಲಾರು ನನ್ನ ಕೇಳ್ತಾರ. ನಾ ಯಾರನ್ನ ಕೇಳ್ಲಿ?"

ಮಾನಪ್ಪ ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ಕಲಸಿ, ತಾಟು ಖಾಲಿ ಮಾಡಿದ.

"ಹೋಗು," ಅಂದ ಕೊನೆಗೆ. "ನೀರು ನಾ ತರತೀನಿ."

"ನೀ ನೀರು ತಂದ್ರ ಊರು ನಗತೈತಲೇ!" ಎಂದು ಯಮನೂರಮ್ಮ ಮೂಲೆಯಿಂದ ಹೇಳಿದಳು.

"ನಗಲಿ ಬಿಡು ಬೇ. ನಗಾಕ ಕೂಲಿ ಕೊಡಬೇಕಾಗಿಲ್ಲ."

ಮರುದಿನದಿಂದ ಕನಕಮ್ಮ ರೊಟ್ಟಿ ಬಡಿಯಲು ಕೂತಳು. ಮೊದಲಿನವು ಹರಿದವು, ಮುಂದಿನವು ನಕ್ಷೆಯಲ್ಲಿನ ರಾಜ್ಯಗಳ ಹಾಗೆ ಆಕಾರಕ್ಕೊಂದರಂತೆ ಬಂದವು. ಯಮನೂರಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಹೆಸರಿಡುತ್ತಿದ್ದಳು. ನಗು ಬಂದಾಗ ತಡೆದುಕೊಳ್ಳಲು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಹೀಗೆ ಒಂದು ವಾರ ಕಳೆದ ಮೇಲೆ, ಸೊಸೆ ಪಾತ್ರೆ ತಿಕ್ಕುತ್ತಿದ್ದಾಗ ಅವಳು ಹತ್ತಿರ ಬಂದು ಕೂತಳು.

"ಅಲ್ಲಿ ಉಣ್ಣಾಕ ಏನು ಹಾಕ್ತಾರ?"

"ಅನ್ನ ಚಪಾತಿ ಇರಬೇಕು. ಜ್ವಾಳದ ರೊಟ್ಟಿನೂ ಇರತೈತಿ, ಧಾರವಾಡ ಅಲ್ಲೇನು?"

"ಆ ಕಡೆ ರೊಟ್ಟಿ ತೆಳ್ಳಗ ಇರತಾವ. ಹೊಟ್ಟಿಗೆ ಸಾಲಂಗಿಲ್ಲ. ಶೇಂಗಾ ಹಿಂಡಿ ಕುಟ್ಟಿ ಕೊಡತೀನಿ, ಒಯ್ಯಿ." ಯಮನೂರಮ್ಮ ತೊಳೆದ ಪಾತ್ರೆಯೊಂದನ್ನು ಎತ್ತಿ ಬೋರಲು ಹಾಕಿದಳು. "ದಸರಾಕ್ಕ ಒಮ್ಮೆ ಬಂದು ಹೋಗಬೇಕು ಮತ್ತ. ಹುಡುಗಿ ಹಲಬತೈತಿ."

"ಹುಡುಗಿ ಒಂದ ಹಲಬತೈತೇನು?"

"ನನಗ್ಯಾಕ ಬೇಕವಾ? ನಾ ನಿನ್ನ ಮುಖ ನೋಡಿ ನೋಡಿ ಸಾಕಾಗೀನಿ," ಅಂದಳು ಯಮನೂರಮ್ಮ. ಅವತ್ತಿನ ಪಲ್ಯಕ್ಕೆ ಉಪ್ಪು ಸರಿಯಾಗಿತ್ತು.

ಶ್ರಾವಣ ಬಂತು. ನಾಟಿ ಭರದಿಂದ ನಡೆದಿತ್ತು. ದಿಲ್ಲಿಯಿಂದ ಪತ್ರ ಬಂದಿರಲಿಲ್ಲ. ಪತ್ರ ಬಂದ ಮೇಲೆ ಗುಂಪಿನ ಹೆಂಗಸರಿಗೆ ಹೇಳಿದರಾಯಿತು ಎಂದು ಪಾರ್ವತೆಮ್ಮ ಸುಮ್ಮನಿದ್ದಳು. ಅಷ್ಟು ಬಾಯಿಗಳಿಗೆ ಮುಂಚೆಯೇ ಹೇಳಿದರೆ ಸುದ್ದಿ ಗಿರಣಿಯವರೆಗೆ ಹೋಗಲು ಎಷ್ಟು ಹೊತ್ತು ಬೇಕು?

ಅದೇ ದಿನಗಳಲ್ಲಿ ಯಮನೂರಮ್ಮನ ಮೊಣಕಾಲು ನೋವು ಕೆರಳಿತು. "ಮಸ್ಕಿ ಇಸ್ಮಾಯಿಲ್‌ಸಾಬ್‌ನ ಎಣ್ಣಿನ ಬೇಕು, ಬ್ಯಾರೇದು ನಾಟಂಗಿಲ್ಲ," ಎಂದು ಹಟ ಹಿಡಿದಳು. ಪಾರ್ವತೆಮ್ಮ ಒಂದು ದಿನದ ಕೂಲಿ ಬಿಟ್ಟು ಬೆಳಗಿನ ಬಸ್ಸಿಗೆ ಮಸ್ಕಿಗೆ ಹೋದಳು. ಮಗಳು ಶಾಲೆಗೆ, ಗಂಡ ಕುರಿಗೆ. ಜೀಪು ಬಂದದ್ದು ಅವತ್ತೇ.

ವಿಚಾರಿಸಲು ಬಂದವರು ಇಬ್ಬರು, ದಿಲ್ಲಿಯ ಒಬ್ಬ ಹೆಂಗಸು ಮತ್ತು ಧಾರವಾಡದ ಒಬ್ಬ ಮುದಿ ಪ್ರೊಫೆಸರು. ಮೊದಲೇ ತಿಳಿಸಿದರೆ ಜನ ಕಂಠಪಾಠ ಮಾಡಿಕೊಂಡಿರುತ್ತಾರೆ ಎಂಬುದು ಪ್ರೊಫೆಸರರ ಅನುಭವ. ಆದ್ದರಿಂದ ಪತ್ರವಿಲ್ಲ, ಶಾಮೀದಸಾಬರಿಗೂ ಸುದ್ದಿ ಇಲ್ಲ. ಸಿಂಧನೂರಿನಲ್ಲಿ ಇಳಿದು, ಕಾಲೇಜಿನಲ್ಲಿ ಪ್ರೊಫೆಸರರ ಜೊತೆ ಓದಿದ ಹಳೆಯ ಗೆಳೆಯನ ಜೀಪು ಕೇಳಿ ತೆಗೆದುಕೊಂಡು ಬಂದಿದ್ದರು. ಒಳ್ಳೆಯವರು ಒಮ್ಮೊಮ್ಮೆ ಇಂಥ ಕೆಲಸ ಮಾಡುತ್ತಾರೆ. ಆ ಗೆಳೆಯ ಅಕ್ಕಿ ಗಿರಣಿಯ ಅಮರಗುಂಡಪ್ಪ. ಜೀಪು ನಡೆಸುತ್ತಿದ್ದವನು ಗಿರಣಿಯ ಡ್ರೈವರು ಬಸ್ಸಪ್ಪ.

ಗದ್ದೆಯ ಬದುವಿನ ಮೇಲೆ ಜೀಪು ನಿಂತಾಗ ಹೆಂಗಸರು ಬಗ್ಗಿದಲ್ಲಿಂದಲೇ ಬಸ್ಸಪ್ಪನ ಮುಖ ನೋಡಿದರು. ಸಾಲಿನ ಆ ತುದಿಯಿಂದ ಈ ತುದಿಗೆ ಒಂದು ಕೆಮ್ಮು ಹೋಯಿತು. ಅಷ್ಟೇ ಸಾಕಾಯಿತು.

"ನೋಡ್ರಿ ತಾಯಿ," ಎಂದರು ಪ್ರೊಫೆಸರು. "ಇಲ್ಲಿ ಕೂಲಿ ಸಲುವಾಗಿ ಹೋರಾಟ ಮಾಡಿದ್ರಂತಲ್ಲ, ನಿಮ್ಮ ಮುಂದಾಳು ಯಾರು?"

ಅವತ್ತಿನ ಪಾಳಿ ದುರುಗಮ್ಮನದು. ಅವಳು ಕೆಸರು ಕೈಯಿಂದ ಸೊಂಟ ಹಿಡಿದು ಎದ್ದು ನಿಂತಳು. "ಮುಂದಾಳು ಹಿಂದಾಳು ಏನಿಲ್ರಿ. ನೆಲ್ಲು ಹಚ್ಚಾಕ ಬಂದೋರು ನಾವು."

"ಪಾರ್ವತೆಮ್ಮ ಅಂತ ಇದ್ದಾರಲ್ಲ?"

"ಯಾವ ಪಾರ್ವತೆಮ್ಮ? ಕುರಿ ಮಾನಪ್ಪನ ಹೇಣ್ತಿ? ಅಯ್ಯ ಯಪ್ಪಾ, ಆಕಿಗೆ ನಾಕು ಮಂದ್ಯಾಗ ಬಾಯಿನ ಬರಂಗಿಲ್ಲ."

"ಸಸಿ ಹಚ್ಚೋದ್ರಾಗೂ ಭಾಳ ಸಾವಕಾಶ್ರಿ," ಎಂದು ಇನ್ನೊಬ್ಬಾಕಿ ಸೇರಿಸಿದಳು. ಹೆಂಗಸರೆಲ್ಲ ನಕ್ಕರು. ದಿಲ್ಲಿಯ ಹೆಂಗಸಿಗೆ ಭಾಷೆ ತಿಳಿಯದಿದ್ದರೂ ನಗು ತಿಳಿಯಿತು. ಅವಳು ಮುಖ ಸಣ್ಣದು ಮಾಡಿಕೊಂಡಳು.

ಅಲ್ಲಿಂದ ಜೀಪು ಮನೆಯ ಮುಂದೆ ಬಂತು. ಯಮನೂರಮ್ಮ ಕಾಲು ಚಾಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಬಸ್ಸಪ್ಪನನ್ನು ಕಂಡ ಕೂಡಲೇ ಕಾಲು ಮಡಿಚಿಕೊಂಡಳು. ಮೊಣಕಾಲಿನ ನೋವು ಎಲ್ಲಿ ಹೋಯಿತೋ!

"ನಿಮ್ಮ ಸೊಸಿ ದೊಡ್ಡ ಮುಂದಾಳು ಅಂತ ಕೇಳಿ ಬಂದೀವಿ."

"ಯಾರು, ನನ್ನ ಸೊಸಿ?" ಯಮನೂರಮ್ಮ ಹಣೆ ಬಡಿದುಕೊಂಡಳು. "ಒಂದು ಪಲ್ಯಕ್ಕ ಉಪ್ಪು ಸರಿ ಹಾಕಾಕ ಬರಂಗಿಲ್ರಿ ಆಕಿಗೆ. ಮನಿ ಹೊಸ್ತಿಲ ದಾಟಿದಾಕಿನ ಅಲ್ಲ. ಯಾರೋ ನಿಮಗ ಸುಳ್ಳು ಹೇಳ್ಯಾರ."

"ಈಗ ಎಲ್ಲಿದ್ದಾರ?"

"ತವರಿಗೆ ಹೋಗ್ಯಾಳ. ಯಾವಾಗ ಬರತಾಳೋ ಏನೋ."

ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಯಮನೂರಮ್ಮ ತನ್ನ ಜೀವಮಾನದಲ್ಲಿ ಸೊಸೆಯ ಸಲುವಾಗಿ ಇಷ್ಟು ಚಂದ ಸುಳ್ಳು ಹೇಳಿರಲಿಲ್ಲ. ಹೆಮ್ಮೆಯಿಂದ ಒಂದು ಎಲೆ ಅಡಿಕೆ ಹಾಕಿಕೊಂಡಳು.

ಪಾರ್ವತೆಮ್ಮ ಇಳಿಹೊತ್ತಿಗೆ ಎಣ್ಣೆ ಬಾಟಲಿ ಹಿಡಿದು ಬಂದಾಗ ಅತ್ತೆ ಎಲ್ಲವನ್ನೂ ಬಣ್ಣಿಸಿ ಬಣ್ಣಿಸಿ ಹೇಳಿದಳು. ಪಾರ್ವತೆಮ್ಮನಿಗೂ ನಗು ಬಂತು.

"ಉಪ್ಪಿನ ಮಾತು ಯಾಕ ತಗದ್ರಿ ಅತ್ತಿ? ಉಪ್ಪು ಹಾಕೋರು ನೀವು."

"ಬಾಯಿಗೆ ಬಂದದ್ದು ಅಂದೆ ತಗೋ. ಆದ್ರ ಒಂದು ಹೇಳತೀನಿ, ಶಾಮೀದಸಾಬಗ ಸುದ್ದಿ ಮುಟ್ಟಿಸು. ಆ ಮುದುಕ ಜೀಪು ಹತ್ತಾಗ ಅವನ ಹೆಸರು ತಗದ. 'ಶಾಮೀದಸಾಬರು ಹಿಂಗ್ಯಾಕ ಬರದ್ರೋ' ಅಂತ ಆ ಹೆಣಮಗಳಿಗೆ ಅಂದ. ಅವನ್ನೂ ಹಿಡೀತಾರೋ ಏನೋ ಪಾಪ."

ಪಾರ್ವತೆಮ್ಮ ಎಣ್ಣೆ ಬಾಟಲಿ ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕೂತಳು. "ಹೆಣಮಗಳಿದ್ಲೇನು ಜೋಡಿ?"

"ಇದ್ಲು. ಖಾದಿ ಸೀರಿ, ಕನ್ನಡಕ. ಪೋಲೀಸ್ರಾಗ ಹೆಂಗಸೂರೂ ಅದಾರಲ್ಲ ಈಗ…" ಯಮನೂರಮ್ಮನ ಮಾತು ಅಲ್ಲಿಗೇ ನಿಂತಿತು. ಸೊಸೆಯ ಮುಖ ನೋಡಿದಳು. ಅವಳ ಬಾಯಿಂದ ಎಲೆ ಅಡಿಕೆಯ ರಸ ಸೋರಿತು, ಒರೆಸಿಕೊಳ್ಳಲಿಲ್ಲ. "ಅಯ್ಯೋ, ಅವರೇನ? ಧಾರವಾಡದವರೇನ?"

"ಅವರ."

"ನನ್ನ ನಾಲಿಗಿ ಸೇದಿ ಹೋಗ! ಗಿರಣಿ ಜೀಪು ಬೇ ಅದು! ಬಸ್ಸಪ್ಪ ಇದ್ದ! ಎದ್ದೇಳು, ಹೋಗು, ಇನ್ನೂ ಸಿಂಧನೂರಾಗ ಇರಬೇಕು. ಬಂಗ್ಲಾಕ್ಕ ಹೋಗೂಣು ಅಂತ ಬಸ್ಸಪ್ಪ ಅಂದದ್ದು ಕೇಳೀನಿ ನಾನು."

ಯಮನೂರಮ್ಮ ಎದ್ದವಳೇ ಒಳಗೆ ಓಡಿದಳು. ಬೆಳಗಿನ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಎಲ್ಲವನ್ನೂ ವಸ್ತ್ರದಲ್ಲಿ ಕಟ್ಟಿ ಸೊಸೆಯ ಕೈಗಿಟ್ಟಳು. "ಮನಿಗೆ ಬಂದೋರಿಗೆ ಒಂದು ಚರಗಿ ನೀರೂ ಕೊಡಲಿಲ್ಲ ನಾನು. ಇದನ್ನ ಕೊಡು. ಮುದುಕಿಗೆ ಅರವು ಮರವು ಅನ್ನು. ನಾನ ಅವರ ಕಾಲಿಗೆ ಬಿದ್ದೀನಿ ಅಂತ ಹೇಳು, ಹೂಂ ಅಂತಾರ."

ಸಾಲಗುಂದದ ಕಡೆಯಿಂದ ಬಂದ ಶೇಕ್ಷಾವಲಿಯ ಟೆಂಪೋ ಸಿಕ್ಕಿತು. ದಾರಿಯುದ್ದಕ್ಕೂ ಪಾರ್ವತೆಮ್ಮ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿದಳು. ಹುಲಿಗೆಮ್ಮನಿಂದ ಶುರು ಮಾಡಬೇಕು. ಆಮೇಲೆ ಬಾಯಿಪಾಳಿ. ಹೆಂಗಸರು ಸುಳ್ಳು ಹೇಳಿದ್ದು ಯಾಕೆ ಎಂದರೆ ಅವರಿಗೆ ಹಾಗೆ ಹೇಳಲು ಕಲಿಸಿದವಳು ನಾನೇ ಎಂದು ಹೇಳಬೇಕು. ಕೇಳಿದರೆ ಪ್ರೊಫೆಸರು ನಗಬಹುದು, ಖುಷಿಯೂ ಆಗಬಹುದು. ಅವಳಿಗೆ ಧೈರ್ಯ ಬಂತು. ಗಾಳಿಗೆ ಸೆರಗು ಹಾರುತ್ತಿದ್ದರೂ ಹಿಡಿದುಕೊಳ್ಳಲಿಲ್ಲ. ಹೋಗಬೇಕು, ಹೋಗಿಯೇ ತೀರಬೇಕು ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಸಿಂಧನೂರಿನ ಪ್ರವಾಸಿ ಬಂಗಲೆಯ ವರಾಂಡದಲ್ಲಿ ಮೂವರು ಕೂತಿದ್ದರು. ಮುಂದೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ. ಪ್ರೊಫೆಸರು, ಕನ್ನಡಕದ ಹೆಂಗಸು, ಅವರ ಪಕ್ಕದಲ್ಲಿ ಬಿಳಿ ಧೋತರದ ಅಮರಗುಂಡಪ್ಪ. ಪಾರ್ವತೆಮ್ಮನ ಕಾಲು ಮೆಟ್ಟಿಲ ಮೇಲೇ ನಿಂತವು.

"ಯಾರವಾ?" ಎಂದರು ಪ್ರೊಫೆಸರು.

"ಪಾರ್ವತೆಮ್ಮರಿ. ವಳಕಮದಿನ್ನಿ."

ಪ್ರೊಫೆಸರು ಕುರ್ಚಿಯಿಂದ ಎದ್ದೇಬಿಟ್ಟರು. "ಬರ್ರಿ ಬರ್ರಿ! ತವರಿಗೆ ಹೋಗೀರಿ ಅಂದ್ರಲ್ಲ ನಿಮ್ಮ ಅತ್ತಿ. ನೋಡ್ರಿ, ನಮಗ ದೊಡ್ಡ ಗೊಂದಲ ಆಗೇತಿ. ಶಾಮೀದಸಾಬರು ಎಲ್ಲಾ ನೀವ ಮಾಡೀರಿ ಅಂತ ಬರದಾರ. ನಿಮ್ಮ ಊರವರು ಯಾರೂ ಹೌದು ಅನ್ನಲಿಲ್ಲ. ಈಗ ನೀವ ಹೇಳ್ರಿ."

"ಒಂದೀಟು ಬ್ಯಾರೆ ಮಾತಾಡೋದೈತ್ರಿ," ಎಂದಳು ಪಾರ್ವತೆಮ್ಮ, ನೆಲ ನೋಡುತ್ತ.

"ಇವರು ನಮ್ಮವರ, ನನ್ನ ಗೆಳೆಯ. ಏನೂ ಸಂಕೋಚ ಮಾಡಬ್ಯಾಡ್ರಿ. ಇವರ ಮುಂದ ಹೇಳ್ಬಹುದು."

ಅಮರಗುಂಡಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. ಒಂದು ವರ್ಷದಿಂದ ಹುಡುಕುತ್ತಿದ್ದ ಹೆಸರು ಒಗ್ಗರಣೆಯ ತಾಟಿನ ಪಕ್ಕಕ್ಕೇ ನಡೆದು ಬಂದಿತ್ತು. ಅವನ ದನಿ ಬೆಣ್ಣೆಯಷ್ಟು ಮೆತ್ತಗಾಯಿತು. "ಹೇಳವಾ, ಹೇಳು. ಒಳ್ಳೆ ಕೆಲಸ ಮಾಡಿದ್ರ ಹೇಳಾಕ ಯಾಕ ನಾಚಿಕಿ? ಆ ಟ್ರ್ಯಾಕ್ಟರಿಗೆ ಅಡ್ಡ ಕುಂದ್ರಿಸಿದಾಕಿ ನೀನ ಏನು? ನಾನೂ ಕೇಳತೀನಿ."

ದಿಲ್ಲಿಯ ಹೆಂಗಸು ಮುಂದಕ್ಕೆ ಬಾಗಿ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ, ಹೂಂ ಅನ್ನು, ಒಂದೇ ಒಂದು ಸಲ ಹೂಂ ಅನ್ನು ಎಂಬಂಥ ಆಸೆ ಇತ್ತು. ಪಾರ್ವತೆಮ್ಮನಿಗೂ ಅದೇ ಆಸೆ. ಅವಳ ಎದೆಯೆಲ್ಲ ಆ ಮಾತಿನಿಂದ ತುಂಬಿಹೋಗಿತ್ತು, ಬಾಯಿ ತೆರೆದರೆ ಸಾಕಿತ್ತು. ಹೂಂ ಎಂದರೆ ನಾಳೆಯೇ ಕೇಸು ಎದ್ದು ನಿಲ್ಲುತ್ತದೆ. ತಾನು ಧಾರವಾಡಕ್ಕೆ ಹೋಗುವ ಮೊದಲು ಠಾಣೆಗೆ ಹೋಗಬೇಕು. ಅಷ್ಟೇ ಆಗಿದ್ದರೆ ಹೋಗಿಬಿಡುತ್ತಿದ್ದಳೇನೋ. ದುರುಗಮ್ಮ, ಕೇರಿಯವರು, ಸಾಲಿನಲ್ಲಿ ನಿಂತು ನಕ್ಕ ಎಲ್ಲರೂ 'ಇತರ ಹೆಂಗಸರು' ಆಗಿ ಅವಳ ಹಿಂದೆ ಬರಬೇಕಾಗುತ್ತದೆ.

"ನಮ್ಮತ್ತಿ ಹೇಳಿದ್ದ ಖರೇ ಐತ್ರಿ," ಎಂದಳು. "ನಾ ಮನ್ಯಾಗ ಅಡಗಿ ಮಾಡಾಕಿ. ನಾಟಿ ಹಚ್ಚಾಕ ಹೋಗತೀನಿ, ಅಷ್ಟ. ಶಾಮೀದಸಾಬರು ಭಾಳ ಒಳ್ಳೇರು, ಯಾರದೋ ಹೆಸರು ಯಾರಿಗೋ ಹಚ್ಯಾರ."

"ಮತ್ತ ಇಲ್ಲಿಗ್ಯಾಕ ಬಂದಿ?" ಎಂದ ಅಮರಗುಂಡಪ್ಪ. ದನಿಯಲ್ಲಿನ ಬೆಣ್ಣೆ ಕರಗಿತ್ತು.

"ಮನಿಗೆ ಬಂದೋರಿಗೆ ನಮ್ಮತ್ತಿ ನೀರು ಸುದ್ದೆ ಕೊಡಲಿಲ್ಲಂತ್ರಿ. ಭಾಳ ಮರುಗಾಕತ್ತಿದ್ಲು. ರೊಟ್ಟಿ ಕಟ್ಟಿ ಕಳಿಸ್ಯಾಳ." ವಸ್ತ್ರದ ಗಂಟನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೈಮುಗಿದು ಮೆಟ್ಟಿಲಿಳಿದಳು. ಗೇಟಿನವರೆಗೆ ಹೋದ ಮೇಲೆ ಹಿಂದಿನಿಂದ ಕರೆಯುತ್ತಾರೇನೋ ಎಂದು ನಿಂತಳು. ಯಾರೂ ಕರೆಯಲಿಲ್ಲ.

ಮನೆಯಲ್ಲಿ ಅವಳು ಯಾರಿಗೂ ಏನನ್ನೂ ವಿವರಿಸಲಿಲ್ಲ. "ಅಮರಗುಂಡಪ್ಪ ಕುಂತಿದ್ದ," ಎಂದಷ್ಟೇ ಹೇಳಿ, ಕೊಡ ತೆಗೆದುಕೊಂಡು ನೀರಿಗೆ ಹೋದಳು. ನೀರಿನ ಹತ್ತಿರ ದುರುಗಮ್ಮ ಅವಳ ಬೆನ್ನು ತಟ್ಟಿದಳು. "ಅಕ್ಕ, ಒಬ್ಬಾಕಿ ಬಾಯಾಗರ ನಿನ್ನ ಹೆಸರು ಬಂತೇನು ನೋಡು! ಹೆಂಗ ಉಳಿಸಿದಿವಿ!" ಪಾರ್ವತೆಮ್ಮ ಅವಳ ಕೆಸರು ಮೆತ್ತಿದ ಕೈ ಹಿಡಿದುಕೊಂಡು, "ಭಾಳ ಶಾಣ್ಯಾರದೀರಿ," ಎಂದಳು. ನಿಜ ಸಂಗತಿಯನ್ನು ಆ ಹೆಂಗಸರಿಗೆ ಅವಳು ಕೊನೆಗೂ ಹೇಳಲಿಲ್ಲ.

ಶ್ರಾವಣ ಮುಗಿಯಿತು, ನಾಟಿಯೂ ಮುಗಿಯಿತು. ಕನಕಮ್ಮನ ರೊಟ್ಟಿ ಈಗ ದುಂಡಗೆ ಬರುತ್ತಿದ್ದವು, ಆದರೂ ತಾಯಿಯೇ ಬಡಿಯಲು ಕೂತುಕೊಳ್ಳುತ್ತಿದ್ದಳು. ಮಾನಪ್ಪ ಹೇಳದೆ ಕೇಳದೆ ದಿನಾ ಒಂದು ಕೊಡ ನೀರು ತರುತ್ತಿದ್ದ. ಊರು ಎರಡು ದಿನ ನಕ್ಕು ಸುಮ್ಮನಾಯಿತು. ಉಣ್ಣುವಾಗ ಯಾರೂ ಧಾರವಾಡ ಎನ್ನುತ್ತಿರಲಿಲ್ಲ. ಪಾರ್ವತೆಮ್ಮ ಮಾತ್ರ ಒಮ್ಮೊಮ್ಮೆ ಗೋಡೆಗೆ ಬೆನ್ನು ಹಚ್ಚಿ, ನೆಟ್ಟಗೆ ಕೂತು, ಎದುರಿಗೆ ಯಾರೋ ಮಾತಾಡುತ್ತಿದ್ದಾರೆ ಎನ್ನುವ ಹಾಗೆ ನೋಡುತ್ತಿದ್ದಳು.

ಒಂದು ರವಿವಾರ ಶಾಮೀದಸಾಬರು ಬಂದರು. ಚಹಾ ಮುಟ್ಟಲಿಲ್ಲ.

"ರಾಯಚೂರಿಗೆ ಹೋಗಿ ಪ್ರೊಫೆಸರಿಗೆ ಫೋನ್ ಮಾಡಿದೆ. ಇದ್ದದ್ದು ಇದ್ದಂಗ ಹೇಳಿದೆ. ಭಾಳ ನೊಂದ್ಕೊಂಡ್ರು. ಆದ್ರ ಅಷ್ಟೊತ್ತಿಗೆ ಬ್ಯಾರೆಯವರ ಹೆಸರು ದಿಲ್ಲಿಗೆ ಹೋಗಿತ್ತು. ಮುಂದಿನ ವರ್ಷ ಮತ್ತ ಕಳಿಸೂಣಂದ್ರು."

"ಮುಂದಿನ ವರ್ಷನೂ ಅದನ್ನ ಕೇಳ್ತಾರಲ್ರಿ, ಮುಂದಾಳು ಯಾರಂತ?"

ಶಾಮೀದಸಾಬರು ಕಪ್ಪಿನೊಳಗೆ ನೋಡಿದರು. "ಕೇಳ್ತಾರ."

"ಹಂಗಾರ ಬ್ಯಾಡ ಬಿಡ್ರಿ."

ಅವರು ಹೋದ ಮೇಲೆ ಯಮನೂರಮ್ಮ ಕಟ್ಟೆಯಿಂದ ಎದ್ದು ಒಳಗೆ ಬಂದಳು. "ಕನಕಿ, ಬಾಗಲಾ ಮುಂದಕ್ಕ ಮಾಡು," ಎಂದಳು. ಹಾಡುಹಗಲಿನಲ್ಲಿ ಬಾಗಿಲು ಹಾಕುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಹುಡುಗಿ ಅಜ್ಜಿಯ ಮುಖ ನೋಡಿ, ಬಾಗಿಲು ಹಾಕಿ ಅಲ್ಲೇ ನಿಂತಳು. ಮಾನಪ್ಪ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ. ಯಮನೂರಮ್ಮ ಸೊಸೆಯ ಎದುರಿಗೆ ಬಂದು ಕೂತಳು.

"ಬಂಗ್ಲಾದಾಗ ನಿನಗ ಏನು ಕೇಳಿದ್ರು?"

"ಈಗ್ಯಾಕ ಬೇಕತ್ತಿ ಅದು?"

"ಹೇಳು. ಏನು ಕೇಳಿದ್ರು?"

"ಯಾರು ಮಾಡಿದ್ದು ಅಂತ ಕೇಳಿದ್ರು."

"ನಾನೂ ಕೇಳತೀನಿ. ಒಂದ ಸಾಲು ಮಾಡಿದಾಕಿ ಯಾರು?"

ಪಾರ್ವತೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಮರಗುಂಡಪ್ಪನ ಟ್ರ್ಯಾಕ್ಟರ್ ತಿರುಗಿಸಿದಾಕಿ ಯಾರು?"

"ನಿಮಗ ಗೊತ್ತಿಲ್ಲೇನು?"

"ಗೊತ್ತೈತಿ. ಸಾಲಿನ ಹೆಂಗಸರಿಗೆಲ್ಲ ಗೊತ್ತೈತಿ. ಆದ್ರ ನಿನ್ನ ಬಾಯಿಂದ ಒಂದ ಸಲಾನೂ ಕೇಳಿಲ್ಲ ನಾನು. ದಿಲ್ಲಿಯವರಿಗೆ ಹೇಳಾಕ ಆಗಲಿಲ್ಲ. ನನಗ ಹೇಳು."

ಪಾರ್ವತೆಮ್ಮ ಗಂಡನ ಕಡೆ ನೋಡಿದಳು, ಮಗಳ ಕಡೆ ನೋಡಿದಳು. ಆಮೇಲೆ ಬಹಳ ಸಣ್ಣಗೆ, "ನಾನ ಅತ್ತಿ," ಅಂದಳು. "ಸಾಲು ಒಂದು ಮಾಡಿದ್ದು ನಾನ. ಟ್ರ್ಯಾಕ್ಟರ್ ತಿರುಗಿಸಿದ್ದು ನಾನ. ಪಾಳಿ ಹಾಕಿದ್ದೂ ನಾನ." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. "ನನಗ ಹೋಗಬೇಕಾಗಿತ್ತು ಅತ್ತಿ. ಭಾಳ ಆಸೆ ಇತ್ತು."

ಯಮನೂರಮ್ಮ ಸೊಸೆಯ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಬಾಗಿಲ ಹತ್ತಿರ ನಿಂತಿದ್ದ ಕನಕಮ್ಮ ಹೊರಗೆ ಯಾರೋ ನಡೆದು ಹೋದ ಸಪ್ಪಳ ಕೇಳಿ ಅಗುಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಪ್ಪಳ ದೂರ ಹೋಗುವವರೆಗೆ ನಾಲ್ವರೂ ಸುಮ್ಮನಿದ್ದರು.

"ಇನ್ನೊಮ್ಮೆ ಹೇಳು," ಅಂದಳು ಯಮನೂರಮ್ಮ.